ಸಾಂಬಾರಿನ ತೊಟ್ಟೆ ಬಿಡಿಸಿದ ಬಗೆ: ಕಾಸರಗೋಡಿನ ಒಂದು ರೈಲು ಊಟದ ಪ್ರಕರಣ ಅಧ್ಯಯನ

ಕಾಸರಗೋಡು ರೈಲು ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಸಣ್ಣ ಅಡುಗೆ ಮನೆ ಇದೆ. ನಡೆಸುವವರು ಬದಿಯಡ್ಕ ಕಡೆಯ ಒಬ್ಬರು ಅಕ್ಕ. ಜೊತೆಗೆ ಮೂವರು ಹೆಂಗಸರು. ಮಧ್ಯಾಹ್ನ ಊಟ, ಸಂಜೆ ಪಾರ್ಸೆಲ್. ಸಂಜೆಯ ಪಾರ್ಸೆಲ್ ಹೆಚ್ಚುಕಡಿಮೆ ಪೂರಾ ರೈಲಿನವರಿಗೇ. ಮಂಗಳೂರಿನಿಂದ ಹೊರಟು ತಿರುವನಂತಪುರಕ್ಕೆ ಹೋಗುವ ಮಾವೇಲಿ, ಮಲಬಾರ್ ಎಕ್ಸ್‌ಪ್ರೆಸ್‌ಗಳು ಸಂಜೆ ಹೊತ್ತಿಗೆ ಇಲ್ಲಿ ಹಾದು ಹೋಗುತ್ತವೆ. ಅವಕ್ಕೆ ಹತ್ತುವವರು ರಾತ್ರಿಯ ಊಟವನ್ನು ಇಲ್ಲೇ ಕಟ್ಟಿಸಿಕೊಳ್ಳುತ್ತಾರೆ.

ನನ್ನ ಮನೆ ಕುಂಬಳೆ ಹತ್ತಿರ. ಕೆಲಸ ಮಂಗಳೂರಿನಲ್ಲಿ, ಪ್ಯಾಕಿಂಗ್ ಡಿಸೈನ್. ಸೀಸನ್ ಟಿಕೆಟಿನಲ್ಲಿ ದಿನಾ ರೈಲು. ಅಕ್ಕನ ಪರಿಚಯ ಹಳೆಯದು. ಒಂದು ದಿನ ಅವರೇ ಕೇಳಿದರು: "ಈ ಪ್ಲಾಸ್ಟಿಕ್ ಡಬ್ಬ ಬಿಟ್ಟು ಬೇರೆ ಎಂತಾದರೂ ಮಾಡ್ಲಿಕ್ಕೆ ಆಗ್ತದಾ ನೋಡಿ ಮಾರಾಯ್ರೇ. ನಮ್ಮ ತೋಟದಲ್ಲಿ ಅಡಿಕೆ ಹಾಳೆ ಬಿದ್ದು ಕೊಳೀತದೆ, ನಾನಿಲ್ಲಿ ದುಡ್ಡು ಕೊಟ್ಟು ಪ್ಲಾಸ್ಟಿಕ್ ತರ್ತೇನೆ." ಅಲ್ಲಿಂದ ಶುರುವಾದ ಕೆಲಸ ಇದು. ಎರಡು ಸಲ ತಪ್ಪು ದಾರಿ ಹಿಡಿದೆವು. ಆ ತಪ್ಪುಗಳನ್ನೂ ಬರೆಯುತ್ತೇನೆ. ಬೇರೆ ಊರಿನಲ್ಲಿ ಇದೇ ಕೆಲಸಕ್ಕೆ ಕೈ ಹಾಕುವವರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಅವೇ.

ಪಾರ್ಸೆಲ್ ಬಿಚ್ಚಿ ನೋಡಿದಾಗ

ಅಕ್ಕನ ಹಳೆಯ ಪಾರ್ಸೆಲ್ ಒಂದನ್ನು ಬಿಚ್ಚಿ ಮೇಜಿನ ಮೇಲೆ ಸಾಲಾಗಿ ಇಟ್ಟೆವು. ಅನ್ನ, ಪಲ್ಯಕ್ಕೆ ಕಪ್ಪು ಡಬ್ಬ. ಅದಕ್ಕೊಂದು ಮುಚ್ಚಳ. ಸಾಂಬಾರಿಗೆ ಒಂದು ತೊಟ್ಟೆ (ಸಣ್ಣ ಪ್ಲಾಸ್ಟಿಕ್ ಚೀಲ), ಸಾರಿಗೆ ಒಂದು, ಮಜ್ಜಿಗೆಗೆ ಒಂದು, ಉಪ್ಪಿನಕಾಯಿಗೆ ಚಿಕ್ಕದೊಂದು. ಎಲ್ಲವನ್ನೂ ಹಾಕಿಕೊಡುವ ಚೀಲ ಮತ್ತೊಂದು. ಒಬ್ಬರ ಒಂದು ಹೊತ್ತಿನ ಊಟಕ್ಕೆ ಏಳು ಪ್ಲಾಸ್ಟಿಕ್. ರಬ್ಬರ್ ಬ್ಯಾಂಡ್ ಲೆಕ್ಕಕ್ಕೆ ಹಿಡಿದಿಲ್ಲ.

ಕೇರಳದಲ್ಲಿ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್‌ಗೆ 2020ರ ಜನವರಿ 1ರಿಂದಲೇ ನಿಷೇಧ ಇದೆ. ಇಡೀ ದೇಶಕ್ಕೆ 2022ರ ಜುಲೈ 1ರಿಂದ ಬಂತು. ತಟ್ಟೆ, ಲೋಟ, ಚಮಚ, ಸ್ಟ್ರಾ ಎಲ್ಲ ಪಟ್ಟಿಯಲ್ಲಿವೆ. ಅಕ್ಕ ಚಮಚ ಕೊಡುವುದನ್ನು ಆಗಲೇ ನಿಲ್ಲಿಸಿದ್ದರು. ತೊಟ್ಟೆ ಮಾತ್ರ ನಿಲ್ಲಲಿಲ್ಲ. ಯಾಕೆಂದರೆ ಬಿಸಿ ಸಾಂಬಾರನ್ನು ಸೋರದ ಹಾಗೆ ಹಿಡಿಯುವ ಬೇರೆ ವಸ್ತು ಅವರ ಕೈಗೆ ಸಿಕ್ಕಿರಲಿಲ್ಲ.

ಮೇಜಿನ ಮೇಲೆ ಉತ್ತರ ಕಾಣುತ್ತಲೇ ಇತ್ತು. ಏಳರಲ್ಲಿ ನಾಲ್ಕು ತೊಟ್ಟೆ, ನಾಲ್ಕೂ ಸೋರುವ ಪದಾರ್ಥದ್ದು. ಆದರೆ ನನ್ನ ಕಣ್ಣು ಹೋದದ್ದು ದೊಡ್ಡದಾಗಿ ಕಾಣುವ ಕಪ್ಪು ಡಬ್ಬದ ಮೇಲೆ. ಡಬ್ಬ ಬದಲಿಸಿದರೆ ಮುಕ್ಕಾಲು ಕೆಲಸ ಆಯಿತು ಎಂದುಕೊಂಡೆ. ಅದು ಮೊದಲನೇ ತಪ್ಪು.

ಡಬ್ಬ ಹುಡುಕಿದ ದಿನಗಳು

ಪೇಟೆಯಲ್ಲಿ 'ಪರಿಸರಸ್ನೇಹಿ' ಎಂದು ಮಾರುವ ಡಬ್ಬಗಳನ್ನು ತಂದೆವು. ಮೊದಲು ಕಾಗದದ ಡಬ್ಬ. ಒಳಮೈಯನ್ನು ಉಗುರಿನಿಂದ ಕೆರೆದರೆ ತೆಳ್ಳಗೆ ಪ್ಲಾಸ್ಟಿಕ್ ಪೊರೆ ಏಳುತ್ತದೆ. ಕಾಗದಕ್ಕೆ ನೀರು ತಡೆಯುವ ಶಕ್ತಿ ಇಲ್ಲ, ಅದಕ್ಕೇ ಪಾಲಿಥಿನ್ ಬಳಿದಿರುತ್ತಾರೆ. ಹೀಗೆ ಬಳಿದ ಕಾಗದ ಕೊಳೆಯುವುದೂ ಕಷ್ಟ, ಮರುಬಳಕೆಗೆ ಬಿಡಿಸುವುದೂ ಕಷ್ಟ. ಕೆಲವು ಡಬ್ಬಗಳಿಗೆ ಜೋಳದಂಥ ಬೆಳೆಯಿಂದ ಮಾಡಿದ ಪಿಎಲ್‌ಎ ಪೊರೆ ಇರುತ್ತದೆ. ಅದೂ ಮನೆಯ ಗೊಬ್ಬರದ ಗುಂಡಿಯಲ್ಲಿ ಸುಲಭವಾಗಿ ಕರಗುವುದಿಲ್ಲ. ಸುಮಾರು 58 ಡಿಗ್ರಿ ಬಿಸಿ ಬಿಡದೆ ಇರುವ ದೊಡ್ಡ ಗೊಬ್ಬರ ಘಟಕ ಬೇಕು. ರೈಲಿನಿಂದ ಇಳಿಯುವ ಕಸ ಅಂಥ ಕಡೆಗೇ ಹೋಗುತ್ತದೆ ಅಂತ ಹೇಳುವವರು ಯಾರು?

ಕಬ್ಬಿನ ಸಿಪ್ಪೆಯ ಡಬ್ಬ ನೋಡಲಿಕ್ಕೆ ಚೆಂದ. ಬಿಸಿ ಅನ್ನಕ್ಕೆ ಗಟ್ಟಿ ನಿಂತಿತು. ಆದರೆ ಇಂಥ ಡಬ್ಬಗಳಿಗೆ ಎಣ್ಣೆ, ನೀರು ಹೀರದ ಹಾಗೆ ಪಿಎಫ್‌ಎಎಸ್ ಎಂಬ ರಾಸಾಯನಿಕ ಸೇರಿಸುವುದೂ ಉಂಟು. ವರ್ಷಗಟ್ಟಲೆ ಅಳಿಯದೆ ಉಳಿಯುವ ಜಾತಿಯದು. ಯಾವ ಡಬ್ಬದಲ್ಲಿ ಇದೆ, ಯಾವುದರಲ್ಲಿ ಇಲ್ಲ ಎಂದು ಅಂಗಡಿಯವರಿಗೂ ಗೊತ್ತಿರಲಿಲ್ಲ. ಅಕ್ಕ ಅದನ್ನು ಬದಿಗಿಟ್ಟರು. ಊರಿನ ಹಾಳೆ ಬಿಟ್ಟು ಯಾವುದೋ ಊರಿನ ಕಬ್ಬಿನ ಸಿಪ್ಪೆ ತರಿಸುವುದು ಅವರಿಗೆ ಮೊದಲಿಂದಲೂ ಸರಿ ಕಂಡಿರಲಿಲ್ಲ.

ಹಾಗೆ ಹಾಳೆಗೆ, ಅಂದರೆ ಅಡಿಕೆ ಸೋಗೆಯ ಬುಡದ ಅಗಲ ಭಾಗಕ್ಕೆ ಬಂದೆವು. ಅಡಿಕೆ ಮರ ವರ್ಷಕ್ಕೆ ಹೆಚ್ಚುಕಡಿಮೆ ಆರೇಳು ಹಾಳೆ ಬೀಳಿಸುತ್ತದೆ. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ತೋಟದಲ್ಲಿ ನಡೆದರೆ ಕಾಲಿಗೆ ಸಿಕ್ಕುವುದೇ ಹಾಳೆ. ಹಿರಿಯರು ಅದರಲ್ಲಿ ಮುಟ್ಟಾಳೆ ಮಾಡಿ ತಲೆಗಿಟ್ಟರು, ಪಡಿಗೆ ಮಾಡಿ ನೀರು ತುಂಬಿದರು. ಈಗ ಹಾಳೆಯನ್ನು ನೆನೆಸಿ, ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತಿದರೆ ತಟ್ಟೆ, ಬಟ್ಟಲು ಆಗುತ್ತದೆ. ಅಂಟು ಬೇಡ, ಬಣ್ಣ ಬೇಡ. ನಾವು ಮುಚ್ಚಳ ಇರುವ ಹಾಳೆ ಬಟ್ಟಲು ಮಾಡಿಸಿದೆವು. ಅದರಲ್ಲಿ ಸಾಂಬಾರು ತುಂಬಿ, ಸುತ್ತ ನೂಲು ಬಿಗಿದು, ಒಂದು ಸಂಜೆ ಹತ್ತು ಜನರಿಗೆ ಕೊಟ್ಟೆವು.

ರೈಲು ಕಾಞಂಗಾಡ್ ತಲುಪುವ ಮೊದಲೇ ಅಕ್ಕನಿಗೆ ಫೋನ್ ಬಂತು. ಸಾಂಬಾರು ಸೋರಿ ಬ್ಯಾಗಿನ ಒಳಗೆ ಇಳಿದಿತ್ತು. ಅದರಲ್ಲಿ ಒಬ್ಬರ ಆಸ್ಪತ್ರೆ ಕಾಗದಗಳಿದ್ದವು. ಅಕ್ಕ ದುಡ್ಡು ವಾಪಸ್ ಕೊಟ್ಟರು, ಕ್ಷಮೆ ಕೇಳಿದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕಾರಣ ಹಾಳೆಯಲ್ಲೇ ಇದೆ. ಹಾಳೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಒತ್ತಿದ ಮೇಲೂ ಆ ವ್ಯತ್ಯಾಸ ಪೂರಾ ಹೋಗುವುದಿಲ್ಲ. ಎರಡು ಅಂಚುಗಳು ಪ್ಲಾಸ್ಟಿಕ್ ಹಾಗೆ ಒಂದಕ್ಕೊಂದು ಕಚ್ಚಿಕೊಳ್ಳುವುದಿಲ್ಲ. ಮನೆಯ ಮೇಜಿನ ಮೇಲೆ ಸೋರದ ಬಟ್ಟಲು ರೈಲಿನ ಕುಲುಕಿಗೆ ಸೋರುತ್ತದೆ. ಗೆರಟೆಯನ್ನೂ, ಅಂದರೆ ತೆಂಗಿನ ಚಿಪ್ಪನ್ನೂ ನೋಡಿದೆವು. 1916ರಲ್ಲೇ ತೆಂಗಿನ ಸಂಶೋಧನಾ ಕೇಂದ್ರ ಶುರುವಾದ ಊರು ನಮ್ಮದು, ಗೆರಟೆಗೆ ಬರವಿಲ್ಲ. ಆದರೆ ಒಳಗೆ ಉಜ್ಜಿ ನುಣುಪು ಮಾಡುವ ಕೂಲಿ ಸಾಂಬಾರಿಗಿಂತ ಜಾಸ್ತಿ ಆಗುತ್ತದೆ. ಮುಚ್ಚಳದ ತೊಂದರೆಯೂ ಅಲ್ಲೇ ಉಳಿಯುತ್ತದೆ.

ಸೀಟಿನಲ್ಲಿ ಕೂತು ನೋಡಿದ್ದು

ಡಬ್ಬ ಬದಿಗಿಟ್ಟು, ಜನ ಹೇಗೆ ಉಣ್ಣುತ್ತಾರೆ ಎಂದು ನೋಡಲು ನಾಲ್ಕು ಸಂಜೆ ಕಣ್ಣೂರಿನವರೆಗೆ ಹೋಗಿ ಬಂದೆ. ಇದನ್ನು ಮೊದಲ ದಿನವೇ ಮಾಡಬೇಕಿತ್ತು. ದಿನಾ ರೈಲಿನಲ್ಲಿ ಓಡಾಡುವ ನಾನು ಊಟದ ಹೊತ್ತಿನ ರೈಲನ್ನು ಸರಿಯಾಗಿ ನೋಡಿಯೇ ಇರಲಿಲ್ಲ.

ಸ್ಲೀಪರ್ ಡಬ್ಬಿಯಲ್ಲಿ ಊಟದ ಮೇಜು ಎಂದರೆ ತೊಡೆ. ಏಳು ಗಂಟೆಗೆ ಹತ್ತಿದವರು ಉಣ್ಣುವುದು ಎಂಟೂವರೆ, ಒಂಬತ್ತಕ್ಕೆ. ಅಷ್ಟು ಹೊತ್ತು ಕಟ್ಟು ಬ್ಯಾಗಿನಲ್ಲೋ ಸೀಟಿನ ಕೆಳಗೋ ಇರುತ್ತದೆ. ಒಬ್ಬರು ತಾಯಿ ಒಂದು ಕೈಯಲ್ಲಿ ಮಗು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಸಾಂಬಾರಿನ ತೊಟ್ಟೆಯ ರಬ್ಬರ್ ಬಿಚ್ಚಲು ಒದ್ದಾಡುತ್ತಿದ್ದರು. ಕೊನೆಗೆ ಹಲ್ಲಿನಿಂದ ಕಚ್ಚಿ ತೂತು ಮಾಡಿದರು. ಮೇಲಿನ ಬರ್ತಿನವರು ತಲೆ ಬಗ್ಗಿಸಿ ಕೂತು ಉಣ್ಣುತ್ತಿದ್ದರು. ಸಾರಿನ ತೊಟ್ಟೆಯನ್ನು ಹೆಚ್ಚಿನವರು ಬಿಚ್ಚಲೇ ಇಲ್ಲ. ತುಂಬಿದ ತೊಟ್ಟೆ ಹಾಗೇ ಕಸದ ಡಬ್ಬಕ್ಕೆ ಹೋಯಿತು. ಸಾಂಬಾರೂ ಅರ್ಧಕ್ಕರ್ಧ ಉಳಿಯಿತು.

ಅದನ್ನು ನೋಡಿದ ಮೇಲೆ ನನ್ನ ಪ್ರಶ್ನೆಯೇ ಬದಲಾಯಿತು. ಸಾಂಬಾರನ್ನು ಯಾವುದರಲ್ಲಿ ಕಟ್ಟುವುದು ಅಂತ ಇಷ್ಟು ದಿನ ತಲೆ ಕೆಡಿಸಿಕೊಂಡಿದ್ದೆ. ರೈಲಿನಲ್ಲಿ ಉಣ್ಣುವವರಿಗೆ ಸಾಂಬಾರು ಬೇಕೇ ಎಂದು ಒಮ್ಮೆಯೂ ಕೇಳಿರಲಿಲ್ಲ.

ಅಕ್ಕನಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ನಮ್ಮ ಅಜ್ಜ ಧರ್ಮಸ್ಥಳಕ್ಕೆ ನಡೆದು ಹೋಗುವಾಗ ಯಾರು ಸಾಂಬಾರು ಕಟ್ಟಿ ಕೊಡ್ತಿದ್ದರು? ಬುತ್ತಿಗೆ ಹೇಳಿದ ಅಡುಗೆಯೇ ಬೇರೆ ಅಲ್ವಾ."

ಅಡುಗೆ ಬದಲಾದದ್ದು

ಇಡೀ ಕೆಲಸ ತಿರುಗಿದ್ದು ಆ ಮಾತಿನಿಂದ. ಮುಂದಿನ ಎರಡು ವಾರ ನಾನು ಬರೀ ರುಚಿ ನೋಡುವವ. ಡಿಸೈನ್ ಎಲ್ಲ ಅಕ್ಕನದು.

ಸಾಂಬಾರಿನ ಜಾಗಕ್ಕೆ ಮೆಣಸ್ಕಾಯಿ ಎಂಬ ಗಟ್ಟಿ ಗೊಜ್ಜು ಬಂತು. ಹಾಗಲಕಾಯಿ, ಅನಾನಸು, ಮಾವಿನಕಾಯಿ, ಯಾವ ಕಾಲಕ್ಕೆ ಯಾವುದು ಸಿಗುತ್ತದೋ ಅದು. ಹುಳಿ, ಬೆಲ್ಲ, ಹುರಿದ ಎಳ್ಳು ಹಾಕಿ ಕುದಿಸಿ ಬತ್ತಿಸಿದ ಮೆಣಸ್ಕಾಯಿ ಎಲೆಯ ಮೇಲೆ ಹರಿಯುವುದಿಲ್ಲ. ಎರಡು ಮೂರು ಗಂಟೆಗೆ ಕೆಡುವ ಹೆದರಿಕೆಯೂ ಕಡಿಮೆ. ಹಸಿ ತೆಂಗಿನಕಾಯಿ ಚಟ್ನಿ ನಮ್ಮ ಸೆಕೆಗೆ ಬೇಗ ಹಳಸುತ್ತದೆ, ಅದನ್ನು ಬಿಟ್ಟರು. ಚಟ್ನಿಪುಡಿಯನ್ನು ತೆಂಗಿನೆಣ್ಣೆಯಲ್ಲಿ ಕಲಸಿ ಕೊಟ್ಟರು. ತೊಂಡೆಕಾಯಿ ಪಲ್ಯ ಒಣಗಿಸಿ ಹುರಿದದ್ದು. ಉಪ್ಪಿನಕಾಯಿಗೆ ತೊಟ್ಟೆ ಬೇಡ, ಒಂದು ತುಂಡು ಎಲೆಯ ಮಡಿಕೆ ಸಾಕು.

ಅನ್ನದ ವಿಷಯದಲ್ಲಿ ಚರ್ಚೆ ಜೋರಾಯಿತು. ಬೆಳ್ತಿಗೆ (ಬಿಳಿ ಅಕ್ಕಿ) ಅನ್ನ ಎಲೆಯೊಳಗೆ ಅಮುಕಿದರೆ ಮುದ್ದೆಯಾಗುತ್ತದೆ. ಕುಚ್ಚಲಕ್ಕಿ ಬಿಡಿಬಿಡಿಯಾಗಿ ಉಳಿಯುತ್ತದೆ, ಮೆಣಸ್ಕಾಯಿಗೂ ಒಗ್ಗುತ್ತದೆ. ಕುಚ್ಚಲಕ್ಕಿಯೇ ನಿಂತಿತು. ಅನ್ನ ಬೇಡ ಎನ್ನುವವರಿಗೆ ಬಾಳೆ ಎಲೆಯಲ್ಲೇ ಬೇಯಿಸಿದ ಕೊಟ್ಟಿಗೆ ಎಂಬ ಕಡುಬು, ಇಲ್ಲವೇ ಮುಂಡೇವಿನ (ಕೇದಗೆ ಜಾತಿಯ ಗಿಡ) ಎಲೆಯಲ್ಲಿ ಬೇಯಿಸಿದ ಮೂಡೆ. ಇವೆರಡನ್ನು ನಾನು ಚಿಕ್ಕಂದಿನಿಂದ ತಿನ್ನುತ್ತಿದ್ದೇನೆ. ಪ್ಯಾಕಿಂಗ್ ಕೆಲಸಕ್ಕೆ ಸೇರಿ ಇಷ್ಟು ವರ್ಷವಾದರೂ ಇವು ತಮ್ಮ ಕಟ್ಟಿನ ಜೊತೆಗೇ ಬೇಯುವ ತಿಂಡಿ ಎಂದು ಹೊಳೆದಿರಲಿಲ್ಲ. ಬೇಯಿಸುವ ಪಾತ್ರೆ, ಹೊರುವ ಡಬ್ಬ, ಉಣ್ಣುವ ತಟ್ಟೆ, ಮೂರೂ ಒಂದೇ ಎಲೆ.

ಕಟ್ಟು

ಒಣ ಅಡುಗೆ ಬಂದ ಮೇಲೆ ಕಟ್ಟುವ ಕೆಲಸ ತುಂಬಾ ಸುಲಭವಾಯಿತು. ಒಳಗೆ ಬಾಡಿಸಿದ ಬಾಳೆ ಎಲೆ. ನಡುವಿನ ದಿಂಡು ಸವರಿ ತೆಗೆದು, ಬೆಂಕಿಯ ಮೇಲೆ ಆಡಿಸಿದರೆ ಎಲೆ ಬಟ್ಟೆಯ ಹಾಗೆ ಮೆದುವಾಗುತ್ತದೆ, ಮಡಚಿದರೆ ಒಡೆಯುವುದಿಲ್ಲ. ಎಲೆಯ ಮೇಲ್ಮೈಯಲ್ಲಿ ಮೇಣದಂಥ ಪೊರೆ ಇರುವುದರಿಂದ ಅನ್ನದ ಪಸೆ ಹೊರಗೆ ಇಳಿಯುವುದು ಕಡಿಮೆ. ಎಲೆಯ ಕಟ್ಟಿಗೆ ಆಧಾರವಾಗಿ ಕೆಳಗೆ ಎಂಟು ಇಂಚಿನ ಚೌಕದ ಹಾಳೆ ತಟ್ಟೆ. ಅಂಚು ಎರಡು ಬೆರಳು ಎತ್ತರ. ಉಣ್ಣುವಾಗ ತೊಡೆಯ ಮೇಲೆ ಗಟ್ಟಿಯಾಗಿ ಕೂರಬೇಕು, ಪಕ್ಕದವರ ಮೊಣಕೈಗೆ ತಾಗಬಾರದು, ಅದಕ್ಕೆ ಆ ಅಳತೆ. ಹೊರಗೆ ಅಚ್ಚಿಲ್ಲದ ಕಂದು ಕಾಗದ, ಹತ್ತಿ ನೂಲು. ಸ್ಟೇಪ್ಲರ್ ಪಿನ್ ಬೇಡವೇ ಬೇಡ ಎಂದು ಮೊದಲೇ ತೀರ್ಮಾನ ಮಾಡಿದ್ದೆವು. ಕಡಿಮೆ ಬೆಳಕಿನಲ್ಲಿ ಬಿಚ್ಚುವ ಕಟ್ಟು ಅದು, ಪಿನ್ ಅನ್ನಕ್ಕೆ ಬಿದ್ದರೆ ಕಾಣುವುದಿಲ್ಲ.

ಕಾಗದದ ಬದಲು ಹಳೇ ಪೇಪರ್ ಸುತ್ತಿದರೆ ದುಡ್ಡು ಉಳಿಯುತ್ತದೆ ಎಂದು ಕೆಲವರು ಹೇಳಿದರು. ಎಲ್ಲ ಕಡೆ ಕಾಣುವ ಅಭ್ಯಾಸ ಅದು. ಆದರೆ ಪೇಪರಿನ ಮಸಿ ಬಿಸಿಗೆ, ಎಣ್ಣೆಗೆ ಕರಗಿ ಊಟಕ್ಕೆ ಸೇರುತ್ತದೆ. 2018ರ ಆಹಾರ ಪ್ಯಾಕೇಜಿಂಗ್ ನಿಯಮದಲ್ಲೇ ಅದಕ್ಕೆ ಅವಕಾಶ ಇಲ್ಲ. ಮಕ್ಕಳೂ ಉಣ್ಣುವ ಕಟ್ಟಿನಲ್ಲಿ ಆ ಉಳಿತಾಯ ಬೇಡ ಎಂದು ಅಕ್ಕ ಖಂಡಿತವಾಗಿ ಹೇಳಿದರು.

ಹಾಳೆಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅಡಿಕೆ ಹಾಳೆಯ ತಟ್ಟೆ, ಬಟ್ಟಲುಗಳ ಬಗ್ಗೆ ಎಚ್ಚರಿಕೆ ಕೊಟ್ಟಿತು. ಅಡಿಕೆಯಲ್ಲಿರುವ ಅರೆಕೊಲಿನ್‌ನಂಥ ಅಂಶ ಹಾಳೆಯಿಂದ ಊಟಕ್ಕೆ ಇಳಿಯಬಹುದು ಎಂಬುದು ಅವರ ಮಾತು. ನಮ್ಮ ತೋಟದವರಿಗೆ ಇದು ನೋವಿನ ಸುದ್ದಿ. ಅಕ್ಕನ ಮುಖ ಸಣ್ಣದಾಯಿತು. ನಾನೂ ತಿಂಗಳುಗಟ್ಟಲೆ ಹಾಳೆಯನ್ನು ಹೊಗಳಿ ಮಾತಾಡಿದವನೇ. ಆದರೂ ಸುದ್ದಿಯನ್ನು ಬದಿಗೆ ತಳ್ಳುವುದು ಸರಿಯಲ್ಲ ಅನಿಸಿತು. ಉಣ್ಣುವವರ ಎದುರು ನಮ್ಮ ಊರಿನ ಅಭಿಮಾನ ದೊಡ್ಡದಲ್ಲ. ಅಲ್ಲಿಂದ ಒಂದು ನಿಯಮ ಮಾಡಿಕೊಂಡೆವು. ಊಟ ತಾಗುವುದು ಬಾಳೆ ಎಲೆಗೆ ಮಾತ್ರ. ಹಾಳೆ ಹೊರಗಿನ ಆಧಾರ. ಬಿಸಿಯಾದದ್ದು, ಹುಳಿಯಾದದ್ದು ಯಾವುದನ್ನೂ ನೇರವಾಗಿ ಹಾಳೆಗೆ ಹಾಕುವುದಿಲ್ಲ. ಎಲೆ ಹರಿದಿದ್ದರೆ ಆ ಕಟ್ಟು ಕೊಡುವುದಿಲ್ಲ.

ಇನ್ನೊಂದು ಲಾಭ ನಾವು ನಿರೀಕ್ಷೆ ಮಾಡದೆ ಸಿಕ್ಕಿತು. ಬಿಗಿ ಮುಚ್ಚಳದ ಡಬ್ಬದಲ್ಲಿ ಬಿಸಿ ಅನ್ನ ತುಂಬಿದರೆ ಹಬೆ ನೀರಾಗಿ ಮುಚ್ಚಳದಿಂದ ಅನ್ನಕ್ಕೆ ಬೀಳುತ್ತದೆ, ಅನ್ನ ಬೆವರಿ ವಾಸನೆ ಬರುತ್ತದೆ. ಎಲೆಯ ಕಟ್ಟಿನಲ್ಲಿ ಹಬೆ ಮಡಿಕೆಗಳ ಸಂದಿನಿಂದ ಮೆಲ್ಲಗೆ ಹೊರಗೆ ಹೋಗುತ್ತದೆ. ಬಿಚ್ಚುವಾಗ ಬಾಡಿದ ಎಲೆಯ ಪರಿಮಳ. ಹಾಗಂತ ಎಷ್ಟು ಹೊತ್ತಾದರೂ ಇಡಬಹುದು ಎಂದಲ್ಲ. ಕಾಗದದ ಮೇಲೆ ಕಟ್ಟಿದ ಹೊತ್ತು, ಯಾವ ಹೊತ್ತಿನೊಳಗೆ ಉಣ್ಣಬೇಕು ಎಂಬುದನ್ನು ರಬ್ಬರ್ ಸ್ಟಾಂಪಿನಲ್ಲಿ ಒತ್ತುತ್ತೇವೆ. ಕನ್ನಡ, ಮಲಯಾಳಂ, ಇಂಗ್ಲಿಷ್, ಮೂರರಲ್ಲೂ.

ಮಳೆಗಾಲ

ಜೂನ್ ಬಂತು. ಎರಡನೇ ತಪ್ಪು ಆಗ ಗೊತ್ತಾಯಿತು. ಬೇಸಗೆಯಲ್ಲಿ ತಟ್ಟೆ ಒತ್ತಿ ಕೊಟ್ಟವರ ಹತ್ತಿರವೇ ಮಳೆಗಾಲಕ್ಕೂ ಹೇಳಿದ್ದೆವು. ಬಂದ ಕಟ್ಟು ಬಿಚ್ಚಿದರೆ ತಟ್ಟೆಗಳ ಮೇಲೆ ಬೂದಿ ಬಣ್ಣದ ಬೂಸ್ಟು. ಒಂದೂ ಬಳಸಲಿಲ್ಲ, ಎಲ್ಲ ಗೊಬ್ಬರಕ್ಕೆ ಹೋಯಿತು. ಅವರನ್ನು ಬೈದು ಫಲವಿಲ್ಲ. ಮಳೆಗೆ ನೆನೆದ ಹಾಳೆಗೆ ಬೂಸ್ಟು ಬರುವುದೇ. ತೋಟದವರನ್ನು ಮೊದಲೇ ಕೇಳಿದ್ದರೆ ಒಂದೇ ಮಾತಿನಲ್ಲಿ ಹೇಳುತ್ತಿದ್ದರು.

ಈಗ ಡಿಸೆಂಬರಿನಿಂದ ಮೇ ತಿಂಗಳವರೆಗೆ ಬಿದ್ದ ಹಾಳೆಯನ್ನು ಬಿದ್ದ ದಿನವೇ ಹೆಕ್ಕಿ, ಅಂಗಳದಲ್ಲಿ ಒಣಗಿಸಿ, ಒತ್ತಿಸಿ ಇಡುತ್ತಾರೆ. ಮಳೆಗಾಲದ ದಾಸ್ತಾನು ಅಕ್ಕನ ತವರಿನಲ್ಲಿ, ಒಲೆಯ ಮೇಲಿನ ಅಟ್ಟದಲ್ಲಿ. ಕೆಳಗಿನ ಹೊಗೆ, ಬಿಸಿ ಅದಕ್ಕೆ ಕಾವಲು. ಗಾಳಿ ಮಳೆಗೆ ಬಾಳೆ ಎಲೆ ಸೀಳಿ ಹೋಗುವ ಕಾಲವೂ ಅದೇ. ಆ ತಿಂಗಳುಗಳಲ್ಲಿ ಅನ್ನದ ಕಟ್ಟು ಕಡಿಮೆ, ಕೊಟ್ಟಿಗೆ ಜಾಸ್ತಿ. ಅದಕ್ಕೆ ಚಿಕ್ಕ ತುಂಡು ಎಲೆ ಸಾಕಾಗುತ್ತದೆ.

ಉಂಡ ಮೇಲೆ

'ಎಲೆ ತಾನೆ, ಕಿಟಕಿಯಿಂದ ಎಸೆದರೆ ಕೊಳೆಯುತ್ತದೆ' ಎಂದು ಕೆಲವರು ಎಸೆದದ್ದನ್ನು ನಾನೇ ನೋಡಿದೆ. ನಮ್ಮ ಕಟ್ಟು ಒಳ್ಳೆಯದಾದಷ್ಟು ಎಸೆಯುವುದಕ್ಕೆ ಧೈರ್ಯ ಜಾಸ್ತಿಯಾಯಿತೋ ಎಂದು ಬೇಸರವಾಯಿತು. ಹಳಿಯ ಬದಿಯಲ್ಲಿ ಕೆಲಸ ಮಾಡುವವರಿದ್ದಾರೆ. ಅನ್ನ ಅಂಟಿದ ಎಲೆಗೆ ದನ ಹಳಿಯ ಹತ್ತಿರ ಬರುತ್ತದೆ. ಹಾಗಾಗಿ ಸ್ಟಾಂಪಿನಲ್ಲಿ ಇನ್ನೊಂದು ಸಾಲು ಸೇರಿತು: 'ಉಂಡ ಮೇಲೆ ಇದೇ ಕಾಗದದಲ್ಲಿ ಕಟ್ಟಿ ಕಸದ ಡಬ್ಬಕ್ಕೆ ಹಾಕಿ, ಹೊರಗೆ ಎಸೆಯಬೇಡಿ.' ನೂಲನ್ನು ಬೇಕೆಂದೇ ಒಂದು ಗೇಣು ಉದ್ದ ಬಿಡುತ್ತೇವೆ, ಮತ್ತೆ ಕಟ್ಟಲಿಕ್ಕೆ ಬರಲಿ ಅಂತ. ಬಂದದ್ದು ಒಂದೇ ಕಟ್ಟು, ಹೋಗುವುದೂ ಒಂದೇ ಕಟ್ಟು.

ಡಬ್ಬಕ್ಕೆ ಬಿದ್ದ ಮೇಲೆ ಅದು ನೀರಿನ ಬಾಟಲಿ, ಬಿಸ್ಕತ್ತಿನ ಕವರುಗಳ ಜೊತೆ ಸೇರುತ್ತದೆ. ಎಲೆಯಾದರೂ ಗಾಳಿಯಾಡದ ಕಸದ ರಾಶಿಯಲ್ಲಿ ಕೊಳೆತರೆ ಮಿಥೇನ್ ಅನಿಲ ಬಿಡುತ್ತದೆ. ಅಲ್ಲಿಗೆ ನಮ್ಮ ಕೈ ಮುಟ್ಟುವುದಿಲ್ಲ. ಮಣ್ಣಿಗೆ ಹೋದರೆ ಗೊಬ್ಬರ ಎಂಬುದು ನಿಜ, ಆದರೆ ಮಣ್ಣಿಗೆ ಹೋಗುತ್ತದೆ ಎಂದು ಗಿರಾಕಿಗೆ ನಾವು ಹೇಳುವುದಿಲ್ಲ. ಪ್ಲಾಸ್ಟಿಕ್ ಇಲ್ಲ ಎಂದಷ್ಟೇ ಹೇಳುತ್ತೇವೆ.

ಚಮಚದ ಪ್ರಶ್ನೆಯೂ ಬಂತು. ಹಲಸಿನ ಎಲೆಯನ್ನು ಮಡಚಿ ತೆಂಗಿನ ಕಡ್ಡಿ ಚುಚ್ಚಿ ಗಂಜಿ ಉಣ್ಣುವ ಕ್ರಮ ನಮ್ಮಲ್ಲಿ ಇದೆಯಲ್ಲ, ಅದನ್ನೇ ಇಟ್ಟು ನೋಡಿದೆವು. ಅಜ್ಜಿಯಂದಿರು ಖುಷಿಪಟ್ಟರು. ಕಾಲೇಜು ಮಕ್ಕಳು ಫೋಟೋ ತೆಗೆದರು. ಆದರೆ ಮಗುವಿನ ಬಾಯಿಗೆ ಕಡ್ಡಿ ತಾಗುತ್ತದೆ ಎಂದು ಒಬ್ಬರು ಹೇಳಿದ ಮೇಲೆ ನಿಲ್ಲಿಸಿದೆವು. ಈಗ ಮರದ ಚಮಚ ಇದೆ, ಕೇಳಿದರೆ ಮಾತ್ರ. ಕೇಳುವವರು ಕಡಿಮೆ.

ಖರ್ಚು ಕಡಿಮೆಯಾಗಲಿಲ್ಲ. ತಟ್ಟೆ, ಕಾಗದ, ಎಲೆ ಬಾಡಿಸುವ ಕೂಲಿ ಸೇರಿದರೆ ಹಳೆಯ ಡಬ್ಬ, ತೊಟ್ಟೆಗಿಂತ ಸ್ವಲ್ಪ ಜಾಸ್ತಿಯೇ. ಆದರೆ ಯಾರೂ ಪೂರ್ತಿ ಉಣ್ಣದ ಸಾರು, ಸಾಂಬಾರು ಕುದಿಸುವುದು ನಿಂತಿತು, ಬೇಳೆ, ಗ್ಯಾಸು ಉಳಿಯಿತು. ಹೆಚ್ಚಿದ್ದಕ್ಕೂ ಉಳಿದದ್ದಕ್ಕೂ ಹೆಚ್ಚುಕಡಿಮೆ ಸರಿಹೋಯಿತು. ಊಟದ ಬೆಲೆ ಏರಿಸಬೇಕಾಗಲಿಲ್ಲ. ಕೆಲವು ಗಿರಾಕಿಗಳು ಸಾಂಬಾರಿಲ್ಲದ ಊಟ ಊಟವೇ ಅಲ್ಲ ಎಂದು ಬಿಟ್ಟು ಹೋದರು. ಅವರ ಮಾತಿನಲ್ಲೂ ಅರ್ಥ ಇದೆ.

ಪ್ಲಾಟ್‌ಫಾರ್ಮಿನಲ್ಲಿ ಮಾರಬಹುದಲ್ಲ ಎಂದು ತುಂಬ ಜನ ಕೇಳಿದರು. ಅನುಮತಿ ಇಲ್ಲದೆ ರೈಲಿನಲ್ಲಿ, ನಿಲ್ದಾಣದಲ್ಲಿ ಮಾರುವುದು 1989ರ ರೈಲ್ವೆ ಕಾಯ್ದೆಯ ಪ್ರಕಾರ ಅಪರಾಧ. ಹಾಗಾಗಿ ಗಿರಾಕಿಗಳು ಮೊದಲೇ ಫೋನ್ ಮಾಡಿ, ಅಡುಗೆ ಮನೆಗೇ ಬಂದು ಕಟ್ಟು ತೆಗೆದುಕೊಂಡು ಹೋಗುತ್ತಾರೆ.

ದಿನಾ ಮಂಗಳೂರಿಗೆ ಹೋಗಿ ಬರುವ ನಮ್ಮಂಥ ಸೀಸನ್ ಟಿಕೆಟಿನವರಿಗೆ ಅಕ್ಕ ಎಲೆಯ ಕಟ್ಟು ಕೊಡುವುದಿಲ್ಲ, ಸ್ಟೀಲ್ ಡಬ್ಬ ಕೊಡುತ್ತಾರೆ. ಒಂದು ಸಲ ಠೇವಣಿ ಕಟ್ಟಿದರೆ ಆಯಿತು. ಬೆಳಿಗ್ಗೆ ತುಂಬಿದ ಡಬ್ಬ, ಸಂಜೆ ಇಳಿದು ಖಾಲಿ ಡಬ್ಬ. ಮತ್ತೆ ಬರುವವರಿಗೆ ಬಿಸಾಡುವ ಕಟ್ಟು ಯಾಕೆ ಎಂಬುದು ಅವರ ಲೆಕ್ಕ. ಈ ಡಬ್ಬದಲ್ಲಿ ಮಾತ್ರ ಸಾಂಬಾರು ಇನ್ನೂ ಉಂಟು.

ಮಜ್ಜಿಗೆ ಒಂದು ಉಳಿದುಬಿಟ್ಟಿದೆ. ಅದಕ್ಕೆ ಎಲೆಯೂ ಆಗುವುದಿಲ್ಲ, ಹಾಳೆಯೂ ಆಗುವುದಿಲ್ಲ. ಮಣ್ಣಿನ ಕುಡಿಕೆ ಭಾರ, ಬ್ಯಾಗಿನಲ್ಲಿ ಒಡೆಯುತ್ತದೆ. ಸದ್ಯಕ್ಕೆ ಬಾಗಿಲ ಹತ್ತಿರ ಒಂದು ಮಣ್ಣಿನ ಹಂಡೆ ಇಟ್ಟಿದ್ದಾರೆ, ಶುಂಠಿ, ಕರಿಬೇವು ಹಾಕಿದ ಮಜ್ಜಿಗೆ ತುಂಬಿ. ಬಾಟಲಿ ತಂದವರಿಗೆ ತುಂಬಿಸಿ ಕೊಡುತ್ತಾರೆ, ದುಡ್ಡು ತೆಗೆದುಕೊಳ್ಳುವುದಿಲ್ಲ. ಬಾಟಲಿ ತರದವರು ಅಲ್ಲೇ ನಿಂತು ಸ್ಟೀಲ್ ಲೋಟದಲ್ಲಿ ಕುಡಿದು, ಲೋಟ ತೊಳೆದಿಟ್ಟು, ರೈಲಿಗೆ ಓಡುತ್ತಾರೆ.